ಅಮ್ಮನ ಥರ ಇಲ್ಲದ ಕೋಳಿ

ಫೆಬ್ರವರಿ ೩, ಭಾನುವಾರ

ಅತ್ತಿಗೆಯವರಿಗೆ ನಮಸ್ಕಾರ.

ಫೋನು ಮಾಡಬಹುದಿತ್ತು. ಆದರೆ ನಾವಿಬ್ಬರೂ ಫೋನಿನಲ್ಲಿ ಮಾತಿಗೆ ಕೂತರೆ ಮೂರನೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ. ಚೂಟಿ ಪಕ್ಕದ ಕೋಣೆಯಲ್ಲಿ ಪುಸ್ತಕ ಮುಚ್ಚಿಟ್ಟು ಕಿವಿಗೊಟ್ಟು ಕೂರುತ್ತಾಳೆ. ಅದಕ್ಕೇ ಕಾಗದ. ಕಾಗದದಲ್ಲಿ ನೀವು ಬೈದರೂ ಸದ್ದಾಗುವುದಿಲ್ಲ.

ಹೋದ ತಿಂಗಳು ನೀವು ಬಂದಿದ್ದಾಗ ಆದ ಮಾತು ನನಗೆ ನೆನಪಿದೆ. ಏಪ್ರಿಲ್ ಇಪ್ಪತ್ತಕ್ಕೆ ಚೂಟಿಯ ಏಳನೇ ಕ್ಲಾಸಿನ ಪರೀಕ್ಷೆ ಮುಗಿಯುತ್ತದೆ. ಅಷ್ಟರೊಳಗೆ ಅವಳು ಸರಿಯಾಗಿ ಉಂಡು ತಿಂದು ಮೊದಲಿನ ಹಾಗಾದರೆ ನನ್ನ ಹತ್ತಿರ ಇರುತ್ತಾಳೆ, ಇಲ್ಲದಿದ್ದರೆ ನಿಮ್ಮ ಜತೆ ಬರುತ್ತಾಳೆ. ನಾನು ಒಪ್ಪಿದ್ದು ನೀವು ಜೋರು ಮಾಡಿದ್ದಕ್ಕಲ್ಲ, ನೀವು ಹೇಳಿದ್ದರಲ್ಲಿ ಸತ್ಯ ಇದ್ದದ್ದಕ್ಕೆ. ಅವಳ ಅಮ್ಮ ತೀರಿಹೋಗಿ ಐದು ತಿಂಗಳಾಯಿತು. ಹುಡುಗಿ ಶಾಲೆಯ ಲಂಗದ ಸೊಂಟಕ್ಕೆ ಪಿನ್ನು ಚುಚ್ಚಿಕೊಂಡು ಹೋಗುತ್ತಿದ್ದಾಳೆ. ಆದರೆ ಬಾಯಿ ಒಪ್ಪಿದ್ದನ್ನು ಮನಸ್ಸು ಒಪ್ಪಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಅವಳೂ ಹೋದರೆ ಸಂಜೆ ಕೆಲಸದಿಂದ ಬಂದು ಈ ಮನೆಯ ಬೀಗ ನಾನು ಯಾರಿಗೋಸ್ಕರ ತೆಗೆಯಲಿ?

ನನಗೆ ಬರುವ ಅಡುಗೆ ಮೂರು. ಅನ್ನ, ಬೇಳೆ, ಮೊಟ್ಟೆ. ಮೂರನ್ನೂ ಅವಳು ಔಷಧಿ ನುಂಗಿದ ಹಾಗೆ ನುಂಗುತ್ತಾಳೆ. ಮೊನ್ನೆ ಏನು ಬೇಕು ಅಂತ ಕೇಳಿದೆ. "ಭಾನುವಾರ ಅಮ್ಮ ಕೋಳಿ ಮಾಡ್ತಿದ್ಲಲ್ಲ" ಅಂದವಳೇ ಎದ್ದು ಹೋದಳು. ಐದು ತಿಂಗಳಲ್ಲಿ ಅವಳು ತಾನಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ನಿಮ್ಮ ತಂಗಿ ಕೋಳಿಗೆ ಏನೇನು ಹಚ್ಚುತ್ತಿದ್ದಳು, ಎಷ್ಟು ಹೊತ್ತು ನೆನೆಸಿಡುತ್ತಿದ್ದಳು? ಇಷ್ಟು ಗ್ರಾಂ, ಇಷ್ಟು ನಿಮಿಷ ಅಂತ ಬರೆದರೆ ಸಾಕು. ಹದಿನೆಂಟು ವರ್ಷದಿಂದ ಲೇತ್ ಮುಂದೆ ನಿಂತು ಪಂಪಿನ ಶಾಫ್ಟು ಕಡೆಯುತ್ತಿರುವವನು ನಾನು. ಅಳತೆ ಕೊಟ್ಟರೆ ಅಳತೆಯಂತೆ ಮಾಡಿಕೊಡುತ್ತೇನೆ.

ಇಂತಿ,
ನಿಮ್ಮ ತಂಗಿಯ ಗಂಡ


ಫೆಬ್ರವರಿ ೯

ಲೇತ್ ಸಾಹೇಬರಿಗೆ,

ಕಾಗದ ಬಂತು. ಹದಿನಾರು ವರ್ಷದ ಸಂಬಂಧದಲ್ಲಿ ನೀವು ನನಗೆ ಬರೆದ ಮೊದಲನೇ ಕಾಗದ, ಅದರಲ್ಲಿ ಕೇಳಿದ್ದು ಕೋಳಿ. ಆಗಲಿ, ಕೇಳಿದಿರಲ್ಲ.

ಅವಳ ಕೋಳಿ ಅಂದರೆ ಬೇರೆ ಯಾವುದೂ ಅಲ್ಲ, ನನ್ನ ಕೋಳಿಯೇ. ಮದುವೆಗೆ ಮುಂಚೆ ಎಂಟು ತಿಂಗಳು ನಾನು ಅಡುಗೆ ಮಾಡುವ ಇದೇ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ನನ್ನ ಕೈಕೆಳಗೆ ಕಲಿತವಳು. ಬರೆದುಕೊಳ್ಳಿ. ಕೋಳಿ ನಲವತ್ತೈದು ಕಿಲೋ. ಗಟ್ಟಿ ಮೊಸರು ಐದು ಲೀಟರು. ಶುಂಠಿ ಒಂದು ಕಿಲೋ, ಬೆಳ್ಳುಳ್ಳಿ ಒಂದೂವರೆ, ಎರಡನ್ನೂ ನೀರು ಹಾಕದೆ ನುಣ್ಣಗೆ ಅರೆಯಬೇಕು. ನಿಂಬೆಹಣ್ಣು ನಲವತ್ತು. ಖಾರದ ಪುಡಿ ಆರು ಮುಷ್ಟಿ, ಕಾಳುಮೆಣಸಿನ ಪುಡಿ ಎರಡು, ಉಪ್ಪು ಒಂಬತ್ತು. ಎಣ್ಣೆ ಕೈಗೆ ಬಂದಷ್ಟು. ತುಂಡುಗಳ ದಪ್ಪ ಭಾಗಕ್ಕೆ ಚಾಕುವಿನಿಂದ ಎರಡು ಗೀರು ಹಾಕಿ ಎಲ್ಲವನ್ನೂ ತಿಕ್ಕಿ ನೆನೆಯಲು ಬಿಡಿ. ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಯಾರೂ ಅಡುಗೆ ಮಾಡುವುದಿಲ್ಲ. ಮುಟ್ಟಿದರೆ ಗೊತ್ತಾಗುತ್ತದೆ.

ಇನ್ನೂರು ಹುಡುಗಿಯರು ತಟ್ಟೆ ನೆಕ್ಕಿ ಹೋಗುತ್ತಾರೆ. ಚೂಟಿಯೊಬ್ಬಳ ಬಾಯಿಗೆ ಹಿಡಿಸುವುದಿಲ್ಲವೇ?

ಅವಳಿಗಾಗಿ ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದ್ದೇನೆ. ಕಿಟಕಿಯ ಪಕ್ಕದಲ್ಲಿ. ಇದನ್ನು ನಿಮ್ಮನ್ನು ಚುಚ್ಚಲಿಕ್ಕೆ ಬರೆಯುತ್ತಿಲ್ಲ.

ನಿಮ್ಮ ಅತ್ತಿಗೆ


ಫೆಬ್ರವರಿ ೧೮

ಅತ್ತಿಗೆಯವರಿಗೆ,

ನೀವು ಕೊಟ್ಟಿದ್ದನ್ನೆಲ್ಲ ನಲವತ್ತೈದರಿಂದ ಭಾಗಿಸಿದೆ. ಒಂದು ಕಿಲೋ ಕೋಳಿಗೆ ಸೊನ್ನೆ ಬಿಂದು ಎಂಟು ಎಂಟು ನಿಂಬೆಹಣ್ಣು ಬಂತು. ಮಾರುಕಟ್ಟೆಯಲ್ಲಿ ಕೇಳಿದೆ, ಆ ಸೈಜಿನದು ಇಲ್ಲವಂತೆ. ಒಂದು ಇಡೀ ಹಣ್ಣನ್ನೇ ಹಿಂಡಿದೆ.

ಉಪ್ಪು ಮುಷ್ಟಿಯ ಐದನೇ ಒಂದು ಭಾಗ ಅಂತ ಬಂತು. ಯಾರ ಮುಷ್ಟಿ? ನೀವು ಬರೆದಿರಲಿಲ್ಲ, ನನ್ನದನ್ನೇ ತೆಗೆದುಕೊಂಡೆ. ನೆನೆಸುವ ಹೊತ್ತೂ ಬರೆದಿರಲಿಲ್ಲ. ಹೆಚ್ಚು ನೆನೆದಷ್ಟು ಒಳ್ಳೆಯದಿರಬೇಕು ಅಂತ ಶನಿವಾರ ಮಧ್ಯಾಹ್ನವೇ ಹಚ್ಚಿ ಫ್ರಿಜ್ಜಿನಲ್ಲಿಟ್ಟು ಭಾನುವಾರ ಮಧ್ಯಾಹ್ನ ತೆಗೆದೆ. ಪೂರ್ತಿ ಇಪ್ಪತ್ತನಾಲ್ಕು ಗಂಟೆ. ಮಾಂಸದ ಮೇಲ್ಮೈ ಬಿಳುಚಿಕೊಂಡು ಸುಣ್ಣದ ಗೋಡೆಯ ಹಾಗಾಗಿತ್ತು. ಒಂದೇ ಸಲ ಎಲ್ಲ ತುಂಡುಗಳನ್ನೂ ಬಾಣಲೆಗೆ ತುಂಬಿದೆ. ಹುರಿಯುವುದು ಬಿಟ್ಟು ನೀರು ಬಿಟ್ಟುಕೊಂಡು ಕೊತಕೊತ ಬೆಂದವು. ಮೇಲೆ ಹಿಟ್ಟು ಹಿಟ್ಟು, ಒಳಗೆ ನಾರು ನಾರು, ಒಟ್ಟಾರೆ ಉಪ್ಪು.

ಚೂಟಿ ಒಂದು ತುಂಡು ತಿಂದು ನೀರು ಕುಡಿದಳು. ಹೇಗಿದೆ ಅಂದೆ. "ಅಮ್ಮನ ಥರ ಇಲ್ಲ" ಅಂದಳು.

ದಯವಿಟ್ಟು ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಇನ್ನು ಎರಡು ತಿಂಗಳಷ್ಟೇ ಇದೆ.

ಇಂತಿ ನಿಮ್ಮವ


ಫೆಬ್ರವರಿ ೨೪

ಲೇತ್ ಸಾಹೇಬರಿಗೆ,

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಪಾತ್ರೆ ತೊಳೆಯುವಾಕೆ ನಕ್ಕು ನಕ್ಕು ನಲ್ಲಿ ನಿಲ್ಲಿಸುವುದನ್ನೇ ಮರೆತಳು. ಬೇಜಾರು ಮಾಡಿಕೊಳ್ಳಬೇಡಿ. ತಪ್ಪು ನನ್ನದೂ ಇದೆ. ಇಪ್ಪತ್ತೆರಡು ವರ್ಷದಿಂದ ಒಂದು ಕಿಲೋ ಕೋಳಿಯನ್ನು ನಾನು ಕಣ್ಣಲ್ಲಿ ನೋಡಿಲ್ಲ. ಇಬ್ಬರಿಗೆ ಅಡುಗೆ ಮಾಡುವುದು ಹೇಗೆ ಅಂತ ನಿಜವಾಗಿ ನನಗೆ ಗೊತ್ತಿಲ್ಲ.

ಗ್ರಾಮು ನನ್ನ ಹತ್ತಿರ ಇಲ್ಲ. ನನ್ನ ಕೈ ಇದೆ. ಇದರ ಜತೆಗಿರುವ ಹಾಳೆಯಲ್ಲಿ ನನ್ನ ಬಲಗೈ ಇಟ್ಟು ಸುತ್ತ ಪೆನ್ಸಿಲ್ ಎಳೆದಿದ್ದೇನೆ. ಅರಿಶಿನದ ಕಲೆ ಆಗಿದ್ದಕ್ಕೆ ಕ್ಷಮಿಸಿ. ಅಳೆದುಕೊಳ್ಳಿ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಇನ್ನು ನನ್ನ ಮುಷ್ಟಿಯನ್ನು ದೂರಬೇಡಿ.

ಈಗ ಗಮನವಿಟ್ಟು ಓದಿ. ಮೊದಲು ತುಂಡುಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಿ. ಒದ್ದೆ ಕೋಳಿಗೆ ಯಾವ ಮಸಾಲೆಯೂ ಅಂಟುವುದಿಲ್ಲ. ಆಮೇಲೆ ಬರೀ ಉಪ್ಪು ಹಚ್ಚಿ ಅರ್ಧ ಗಂಟೆ ಬಿಡಿ. ಒಳಗೆ ಹೋಗುವುದು ಉಪ್ಪೊಂದೇ, ಉಳಿದದ್ದೆಲ್ಲ ಮೇಲೆಯೇ ಕೂರುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಅನ್ನುವ ಗಾದೆ ನಿಮಗೂ ಗೊತ್ತು. ಅದರ ಇನ್ನರ್ಧವನ್ನು ಈಗ ನಿಮ್ಮ ಮನೆಯಲ್ಲಿ ಹೇಳುವ ಹಾಗಿಲ್ಲ. ಉಪ್ಪಾದ ಮೇಲೆ ಮೊಸರು, ಶುಂಠಿ, ಬೆಳ್ಳುಳ್ಳಿ, ಖಾರ, ಮೆಣಸು, ಸ್ವಲ್ಪ ಎಣ್ಣೆ. ಮೊಸರಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಇರಲಿ. ನಿಂಬೆ ಮಾತ್ರ ಕಡೆಯ ಅರ್ಧ ಗಂಟೆಗೆ, ಅದೂ ಅರ್ಧ ಹಣ್ಣು. ಹುಳಿಯನ್ನು ರಾತ್ರಿಯಿಡೀ ಬಿಟ್ಟರೆ ಅದು ಒಲೆಗೆ ಮುಂಚೆ ತಾನೇ ಬೇಯಿಸಿಬಿಡುತ್ತದೆ. ಒಲೆ ಹಚ್ಚುವ ಇಪ್ಪತ್ತು ನಿಮಿಷ ಮುಂಚೆ ಫ್ರಿಜ್ಜಿನಿಂದ ಹೊರಗಿಡಿ. ಬಾಣಲೆ ಚೆನ್ನಾಗಿ ಕಾಯಲಿ, ತುಂಡುಗಳ ನಡುವೆ ಒಂದೊಂದು ಬೆರಳು ಜಾಗ ಇರಲಿ, ಹಾಕಿದ ಮೇಲೆ ಸುಮ್ಮಸುಮ್ಮನೆ ಕೆದಕಬೇಡಿ. ತಾನಾಗಿ ತಳ ಬಿಟ್ಟಾಗ ತಿರುವಿ. ಆಮೇಲೆ ಉರಿ ಸಣ್ಣ ಮಾಡಿ ಮುಚ್ಚಿ. ಮೂಳೆಯ ಹತ್ತಿರ ಚುಚ್ಚಿದರೆ ಬರುವ ರಸ ತಿಳಿಯಾಗಿದ್ದರೆ ಬೆಂದಿದೆ. ಕೆಂಪಿದ್ದರೆ ಇನ್ನೂ ಐದು ನಿಮಿಷ. ಇಳಿಸಿ ಹತ್ತು ನಿಮಿಷ ಯಾರಿಗೂ ಮುಟ್ಟಲು ಬಿಡಬೇಡಿ. ಅಷ್ಟರಲ್ಲಿ ರಸ ಮಾಂಸದೊಳಗೆ ವಾಪಸು ಸೇರುತ್ತದೆ. ಹಸಿ ಮಾಂಸ ಮುಟ್ಟಿದ ಚಾಕು ಬೇರೆ, ಸೌತೆಕಾಯಿ ಹೆಚ್ಚುವ ಚಾಕು ಬೇರೆ.

ಚೂಟಿಗೆ ಮುತ್ತು ಕೊಡಿ. ನೀವು ಮುತ್ತು ಕೊಡುವವರಲ್ಲ ಅಂತ ಗೊತ್ತು, ಈ ಸಲ ನನ್ನ ಪರವಾಗಿ ಕೊಡಿ.

ದೊಡ್ಡಮ್ಮ


ಮಾರ್ಚ್ ೧೧

ಅತ್ತಿಗೆಯವರಿಗೆ,

ನಿಮ್ಮ ಕೈ ತಲುಪಿತು. ನನ್ನದಕ್ಕಿಂತ ಚಿಕ್ಕದು, ಅಂಗೈ ಮಾತ್ರ ಅಗಲ. ವರ್ಕ್‌ಶಾಪಿನಲ್ಲಿ ಊಟದ ಬಿಡುವಿನಲ್ಲಿ ಅಲ್ಯೂಮಿನಿಯಂ ತುಂಡೊಂದನ್ನು ಲೇತಿಗೆ ಹಾಕಿ ನಿಮ್ಮ ಮುಷ್ಟಿಯ ಐದನೇ ಒಂದು ಭಾಗಕ್ಕೆ ಸರಿಯಾಗಿ ಒಂದು ಬಟ್ಟಲು ಕಡೆದೆ. ಹನ್ನೆರಡು ಗ್ರಾಂ ಉಪ್ಪು ಹಿಡಿಯುತ್ತದೆ. ಒಂದು ಕಿಲೋಗೆ ಸರಿಯಾದ ಅಳತೆ. ನಿಮ್ಮ ಕೈ ಲೆಕ್ಕ ತಪ್ಪುವುದಿಲ್ಲ ಅಂತ ಒಪ್ಪಿಕೊಂಡೆ.

ಈಗ ನೋಟುಬುಕ್ಕು ಇಟ್ಟಿದ್ದೇನೆ. ದಿನಾಂಕ, ಉಪ್ಪು ಹಚ್ಚಿದ ಸಮಯ, ಮೊಸರಿನ ಸಮಯ, ಉರಿ, ಚೂಟಿ ತಿಂದ ತುಂಡುಗಳ ಸಂಖ್ಯೆ, ಚೂಟಿಯ ಮಾತು. ಮಾರ್ಚ್ ಮೂರಕ್ಕೆ ಮಾಡಿದ್ದು ಬಹಳ ಚೆನ್ನಾಗಿ ಬಂತು. ತುಂಡು ಮುರಿದರೆ ರಸ ಜಿನುಗುತ್ತಿತ್ತು. ನಿನ್ನೆಯದು ಇನ್ನೂ ಚೆನ್ನಾಗಿತ್ತು. ಪಕ್ಕದ ಮನೆಯ ಟೈಲರ್ ವಾಸನೆ ಹಿಡಿದು ಬಂದು ಎರಡು ತುಂಡು ತಿಂದು ಹೋದರು.

ಚೂಟಿ ಚೆನ್ನಾಗಿ ತಿನ್ನುತ್ತಿದ್ದಾಳೆ. ಚಿಂತೆ ಮಾಡಬೇಡಿ. ಮಂಚ ಬೇರೆ ಯಾರಿಗಾದರೂ ಕೊಟ್ಟರೂ ನಡೆಯುತ್ತದೆ.

ಇಂತಿ ನಿಮ್ಮವ


ಮಾರ್ಚ್ ೧೬

ಸಾಹೇಬರಿಗೆ,

ನಿಮ್ಮ ಕಾಗದ ಬಂದ ದಿನವೇ ಚೂಟಿಯದೂ ಒಂದು ಬಂತು. ಗಣಿತದ ನೋಟುಬುಕ್ಕಿನ ಹಾಳೆ. ಅವಳು ಬರೆದದ್ದನ್ನು ಇದ್ದ ಹಾಗೆಯೇ ಕೆಳಗೆ ಬರೆಯುತ್ತೇನೆ.

"ದೊಡ್ಡಮ್ಮ, ನಿಮ್ಮಲ್ಲಿಗೆ ಬಂದ್ರೆ ಕೋಳಿ ಬಿಟ್ಟು ಬೇರೆ ಏನಾದ್ರೂ ಮಾಡ್ತೀರಾ? ನಂಗೆ ಕೋಳಿ ಬೇಡ. ಅಪ್ಪಂಗೆ ಹೇಳ್ಬೇಡಿ."

ಹಾಳೆಯ ಹಿಂದೆ ಇನ್ನೂ ಬರೆದಿದ್ದಾಳೆ, ಭಾನುವಾರ ಒಂದು ತುಂಡನ್ನೂ ತಿನ್ನದೆ ಹೊಟ್ಟೆನೋವು ಅಂತ ಎದ್ದು ಹೋದಳಂತೆ. ನೀವು ನನಗೆ ಚೆನ್ನಾಗಿ ತಿನ್ನುತ್ತಿದ್ದಾಳೆ ಅಂತ ಬರೆದಿರಿ. ಹುಡುಗಿ ಸೊರಗುತ್ತಿರುವಾಗ ನನ್ನ ಹತ್ತಿರ ಸುಳ್ಳು ಬರೆದು ಯಾರನ್ನು ಗೆಲ್ಲುತ್ತೀರಿ? ಎದುರಿಗೆ ನೋಟುಬುಕ್ಕು ಹಿಡಿದು ಕೂತು ತುಂಡು ಎಣಿಸಿದರೆ ಅದು ಊಟವೋ, ಪರೀಕ್ಷೆಯೋ? ಅವಳಿಗೆ ಶಾಲೆಯಲ್ಲಿ ಇರುವ ಪರೀಕ್ಷೆ ಸಾಲದೇ?

ಏಪ್ರಿಲ್ ಇಪ್ಪತ್ತೊಂದಕ್ಕೆ ಬರುತ್ತೇನೆ. ಬರುವುದಕ್ಕೆ ಒಂದು ಟಿಕೆಟ್ಟು, ಹೋಗುವುದಕ್ಕೆ ಎರಡು ಮಾಡಿಸಿದ್ದೇನೆ.

ಚೂಟಿಯ ದೊಡ್ಡಮ್ಮ


ಮಾರ್ಚ್ ೨೧

ಅತ್ತಿಗೆಯವರಿಗೆ,

ಸುಳ್ಳು ಬರೆದದ್ದು ನಿಜ. ಮಾರ್ಚ್ ಮೂರಕ್ಕೆ ಎರಡು ತುಂಡು ತಿಂದಳು, ಮೂರನೆಯದಕ್ಕೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು. ಹತ್ತಕ್ಕೆ ಏನೂ ಇಲ್ಲ. ಹದಿನೇಳಕ್ಕೂ ಇಲ್ಲ. ಪ್ರತಿ ಸಲ ಅದೇ ಮಾತು, "ಅಮ್ಮನ ಥರ ಇಲ್ಲ." ನೋಟುಬುಕ್ಕಿನ ಕೊನೆಯ ಅಂಕಣದಲ್ಲಿ ಆ ಮೂರು ಪದ ಬರೆದು ಬರೆದು ನನಗೆ ತಲೆ ಚಿಟ್ಟು ಹಿಡಿದಿದೆ.

ಇನ್ನೂ ಒಂದು ನಿಜ ಹೇಳುತ್ತೇನೆ. ನನಗೆ ಅವಳ ಕೋಳಿಯ ರುಚಿ ನೆನಪಿಲ್ಲ. ಹದಿನಾರು ವರ್ಷ ಪ್ರತಿ ಭಾನುವಾರ ತಿಂದಿದ್ದೇನೆ. ಪೇಪರು ಓದುತ್ತ ತಿಂದೆ, ಮ್ಯಾಚು ನೋಡುತ್ತ ತಿಂದೆ, ಸೋಮವಾರದ ಕೆಲಸ ಯೋಚಿಸುತ್ತ ತಿಂದೆ. ಅವಳು ಚೆನ್ನಾಗಿದೆಯಾ ಅಂತ ಕೇಳಿದರೆ ಹೂಂ ಅಂದೆ. ಈಗ ಕಣ್ಣು ಮುಚ್ಚಿ ಕೂತು ನೆನೆಸಿಕೊಂಡರೆ ನಾಲಿಗೆಗೆ ಏನೂ ಬರುವುದಿಲ್ಲ. ಇದನ್ನು ಚೂಟಿಗೆ ಹೇಳುವ ಧೈರ್ಯ ನನಗಿಲ್ಲ. ಅಮ್ಮನ ವಿಷಯವನ್ನೇ ಅವಳ ಹತ್ತಿರ ಎತ್ತಲಾರೆ, ಎತ್ತಿದರೆ ಇಬ್ಬರೂ ಅಳುತ್ತೇವೆ.

ಅದಕ್ಕೇ ನಿಮ್ಮನ್ನು ಕೇಳಿದ್ದು. ನೀವು ಬರೆದದ್ದನ್ನು ಗೆರೆ ತಪ್ಪದೆ ಮಾಡಿದ್ದೇನೆ. ಆದರೂ ಅವಳ ಥರ ಇಲ್ಲ ಅಂದರೆ ನೀವು ಏನೋ ಒಂದನ್ನು ಬರೆಯದೆ ಇಟ್ಟುಕೊಂಡಿದ್ದೀರಿ. ನಾನು ಸೋತರೆ ಚೂಟಿ ನಿಮ್ಮಲ್ಲಿಗೆ ಬರುತ್ತಾಳಲ್ಲ, ಅದಕ್ಕೆ ಇರಬಹುದೇ ಅಂತ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ಬರೆದಿದ್ದೇನೆ. ಹಾಗೇನಾದರೂ ಇದ್ದರೆ ಈಗಲಾದರೂ ಹೇಳಿ.


ಮಾರ್ಚ್ ೩೧

ಲೇತ್ ಸಾಹೇಬರಿಗೆ,

ನಿಮ್ಮ ಕಾಗದ ಓದಿ ಸಿಟ್ಟಿನಲ್ಲಿ ಒಂದು ಉತ್ತರ ಬರೆದೆ. ಅದನ್ನು ಒಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ. ಹತ್ತು ದಿನ ಹಿಡಿಯಿತು.

ಬರೆಯದೆ ಇಟ್ಟುಕೊಂಡದ್ದು ಇದೆ. ನಿಮ್ಮ ಅನುಮಾನದ ಥರದ್ದಲ್ಲ. ನನಗೆ ನನ್ನ ತಂಗಿಯ ಕೋಳಿ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ, ಅವಳು ಬದುಕಿದ್ದಷ್ಟು ದಿನ, ನಾನು ಒಂದು ತುತ್ತೂ ತಿಂದಿಲ್ಲ. ನೀವು ಯಾವತ್ತಾದರೂ ಗಮನಿಸಿದ್ದೀರೋ ಇಲ್ಲವೋ. ವರ್ಷಕ್ಕೊಮ್ಮೆ ಬರುತ್ತಿದ್ದೆ, ಚೂಟಿಗೆ ಬಟ್ಟೆ ತರುತ್ತಿದ್ದೆ, ನೀರು ಕುಡಿಯುತ್ತಿದ್ದೆ. "ಊಟ ಮಾಡ್ಕೊಂಡು ಹೋಗಕ್ಕಾ" ಅನ್ನುತ್ತಿದ್ದಳು. ನಾನು "ಬಸ್ಸಿಗೆ ಹೊತ್ತಾಯ್ತು" ಅನ್ನುತ್ತಿದ್ದೆ. ಎರಡು ಸಲ ಕರೆದಳು. ಮೂರನೇ ಸಲದಿಂದ ಬಿಟ್ಟಳು.

ಕಾರಣ ಸಣ್ಣದು. ಅವಳು ನನ್ನ ಅಡುಗೆಮನೆಯಲ್ಲಿದ್ದ ಕಾಲದಲ್ಲಿ ಒಂದು ದಿನ ಹಾಸ್ಟೆಲ್ ನೋಡಲು ದೊಡ್ಡವರು ಬಂದಿದ್ದರು. ಅವರಲ್ಲೊಬ್ಬರ ತಟ್ಟೆಯಲ್ಲಿ ಕಾಲಿನ ತುಂಡು ಮೂಳೆಯ ಹತ್ತಿರ ಕೆಂಪಗಿತ್ತು. ಆ ದಿನ ಕೋಳಿಯ ಒಲೆ ಅವಳದ್ದು. ನಾನು ಆ ತುಂಡನ್ನು ಇಕ್ಕಳದಲ್ಲಿ ಎತ್ತಿ ಎಲ್ಲರ ಮುಂದೆ ಅವಳ ಮುಖದ ಹತ್ತಿರ ಹಿಡಿದು, "ಜನರನ್ನ ಕೊಲ್ಲೋ ಕೈ ನಿಂದು, ನಾಳೆ ಕಟ್ಕೊಂಡವನನ್ನೂ ಮಕ್ಕಳನ್ನೂ ಕೊಲ್ತೀಯ" ಅಂದೆ. ಅವಳು ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಹೋದಳು. ಆರು ವಾರದಲ್ಲಿ ನಿಮ್ಮನ್ನು ಮದುವೆಯಾದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಷಮೆ ಕೇಳಲು ನನಗೆ ಹದಿನಾರು ವರ್ಷ ಇತ್ತು. ಕೇಳಲಿಲ್ಲ. ಕೇಳದೆ ಅದೇ ಕೈಯ ಅಡುಗೆ ಉಣ್ಣಲು ನನಗೆ ಮುಖ ಇರಲಿಲ್ಲ.

ಹಾಗಾಗಿ "ಅವಳ ಕೋಳಿ ಅಂದರೆ ನನ್ನ ಕೋಳಿಯೇ" ಅಂತ ಬರೆದದ್ದು ಬರೀ ಜಂಬ. ಅವಳದ್ದು ಹೇಗಿತ್ತು ಅಂತ ಗೊತ್ತಿರುವುದು ಈಗ ಭೂಮಿಯ ಮೇಲೆ ಒಬ್ಬಳಿಗೆ, ಚೂಟಿಗೆ. ನೋಟುಬುಕ್ಕು ಒಳಗಿಟ್ಟು ಅವಳನ್ನೇ ಕೇಳಿ. ಅಳು ಬಂದರೆ ಅಳಿ. ಅದರಿಂದ ಯಾರೂ ಸತ್ತಿಲ್ಲ.

ನಿಮ್ಮ ಅತ್ತಿಗೆ


ಏಪ್ರಿಲ್ ೮

ಅತ್ತಿಗೆಯವರಿಗೆ,

ನಿನ್ನೆ ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆಯಲೋ ಬೇಡವೋ ಅಂತ ನಿನ್ನೆಯಿಂದ ಯೋಚಿಸಿದ್ದೇನೆ. ನಿಮ್ಮ ಹತ್ತಿರ ಒಮ್ಮೆ ಸುಳ್ಳು ಬರೆದದ್ದು ಸಾಕು.

ಬೆಳಿಗ್ಗೆ ಹನ್ನೊಂದರ ಹೊತ್ತು. ಕೋಳಿ ಉಪ್ಪಿನಲ್ಲಿತ್ತು. ಚೂಟಿ ನೀರು ಕುಡಿಯಲು ಅಡುಗೆಮನೆಗೆ ಬಂದಳು. ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದೆ, ತಲೆ ಎತ್ತಲಿಲ್ಲ. ತಲೆ ಎತ್ತಿದ್ದರೆ ಕೇಳಲು ಆಗುತ್ತಿರಲಿಲ್ಲ.

"ನಂಗೆ ಗೊತ್ತಾಗ್ತಿಲ್ಲ ಕಣೆ. ಅಮ್ಮ ಹೇಗೆ ಮಾಡ್ತಿದ್ಲು? ನೀನೇ ಹೇಳ್ಕೊಡು" ಅಂದೆ.

ಲೋಟ ಕಟ್ಟೆಯ ಮೇಲಿಟ್ಟ ಸದ್ದಾಯಿತು. ಆಮೇಲೆ, "ಅಪ್ಪಾ, ನಿಜ ಹೇಳಿದ್ರೆ ಬೈಯಲ್ಲ ತಾನೇ?" ಅಂದಳು.

"ಇಲ್ಲ."

"ಅಮ್ಮ ಮಾಡ್ತಿದ್ದ ಕೋಳಿ ಚೆನ್ನಾಗಿರ್ತಿರ್ಲಿಲ್ಲ."

ಆಗ ತಲೆ ಎತ್ತಿದೆ. ಅವಳು ಒಂದೇ ಉಸಿರಿಗೆ ಹೇಳಿಕೊಂಡು ಹೋದಳು. "ಒಣಗಿ ಕಟ್ಟಿಗೆ ಆಗ್ತಿತ್ತು ಅಪ್ಪಾ. ನೀರು ಕುಡ್ಕೊಂಡು ತಿಂತಿದ್ವಿ. ನೀನು ಎರಡೆರಡು ಲೋಟ ಕುಡೀತಿದ್ದೆ, ಮರ್ತುಬಿಟ್ಯಾ? ಬೆಂದ ಮೇಲೂ ಇಳಿಸ್ತಿರ್ಲಿಲ್ಲ. ಒಂದೊಂದು ತುಂಡೂ ಕೊಯ್ದು ಮೂಳೆ ನೋಡೋಳು. ಮತ್ತೆ ಮುಚ್ಚೋಳು. ಮತ್ತೆ ಕೊಯ್ಯೋಳು. ಸಾಕಮ್ಮ ಅಂದ್ರೆ, ಇರು, ಸರಿಯಾಗಿ ಬೇಯ್ಲಿ, ನಿಮಗೇನಾದ್ರೂ ಆದ್ರೆ ಅನ್ನೋಳು."

ಅತ್ತಿಗೆ, ಆಗ ನನಗೆ ನೆನಪು ಬಂತು. ರುಚಿಯಲ್ಲ, ಎಡಗೈ ಪಕ್ಕದಲ್ಲಿರುತ್ತಿದ್ದ ನೀರಿನ ಲೋಟ. ಅವಳೇ ತುಂಬಿಸಿ ಇಡುತ್ತಿದ್ದಳು.

"ಹಾಗಾದ್ರೆ ನಾನು ಮಾಡಿದ್ದು?" ಅಂದೆ.

"ಮೊದಲನೇದು ಬಿಟ್ಟು ಎಲ್ಲಾ ಚೆನ್ನಾಗಿತ್ತು. ಮಾರ್ಚ್ ಮೂರನೇ ತಾರೀಕಿಂದು ತುಂಬಾ ಚೆನ್ನಾಗಿತ್ತು. ಇನ್ನೊಂದು ತುಂಡು ಬೇಕು ಅನ್ನಿಸ್ತು."

"ಮತ್ತೆ ಯಾಕೆ ಬಿಟ್ಟೆ?"

"ಅಮ್ಮ ಇಲ್ದೇನೇ ಚೆನ್ನಾಗಿದೆ ಅಂತ ಹೇಗೆ ಹೇಳ್ಲಿ ಅಪ್ಪಾ?"

ಆರು ವಾರ ಅವಳು "ಅಮ್ಮನ ಥರ ಇಲ್ಲ" ಅಂದದ್ದನ್ನೆಲ್ಲ ನಾನು ಸೋಲು ಅಂತ ಬರೆದುಕೊಂಡಿದ್ದೆ. ಮುಂದಿನ ವಾರ ಇನ್ನೂ ಚೆನ್ನಾಗಿ ಮಾಡುತ್ತಿದ್ದೆ. ನಾನು ಚೆನ್ನಾಗಿ ಮಾಡಿದಷ್ಟೂ ಹುಡುಗಿ ಅಮ್ಮನಿಗೆ ದ್ರೋಹ ಮಾಡಿದ ಹಾಗಾಗುತ್ತದೆ ಅಂತ ಹಸಿದುಕೊಂಡು ಏಳುತ್ತಿದ್ದಳು. ಎಷ್ಟು ದೊಡ್ಡ ಪೆದ್ದ ನಾನು.

ಇಬ್ಬರೂ ಅತ್ತೆವು. ನೀವು ಹೇಳಿದ ಹಾಗೆ ಯಾರೂ ಸಾಯಲಿಲ್ಲ. ಆಮೇಲೆ ಅವಳು ಕೈ ತೊಳೆದು ಬಂದು ಮೊಸರು ಕಲಸಿದಳು. ಕೋಳಿಯನ್ನು ಎರಡು ಭಾಗ ಮಾಡಿದೆವು. ಅರ್ಧ ನಿಮ್ಮ ಲೆಕ್ಕದಂತೆ ಇಳಿಸಿದೆ. ಇನ್ನರ್ಧ ಅವಳ ಯಜಮಾನಿಕೆ. ಅಮ್ಮನ ಹಾಗೆಯೇ ಕೊಯ್ದು ನೋಡಿ ಮುಚ್ಚಿ, ಕೊಯ್ದು ನೋಡಿ ಮುಚ್ಚಿ ನಲವತ್ತು ನಿಮಿಷ ಬೇಯಿಸಿದಳು. ಎರಡನ್ನೂ ತಿಂದೆವು. ಒಣಗಿದ್ದನ್ನು ಅಗಿಯುತ್ತ ಅವಳು ಅಮ್ಮನ ವಿಷಯ ಹೇಳುತ್ತಲೇ ಇದ್ದಳು, ರಸ ಇದ್ದದ್ದನ್ನು ತಿನ್ನುತ್ತ ಶಾಲೆಯ ವಿಷಯ. ಐದು ತುಂಡು ತಿಂದಳು. ಇದನ್ನು ನೋಟುಬುಕ್ಕಿನಲ್ಲಿ ಬರೆದಿಲ್ಲ, ನಿಮಗೆ ಮಾತ್ರ ಬರೆಯುತ್ತಿದ್ದೇನೆ.

ದೊಡ್ಡಮ್ಮನ ಜತೆ ಹೋಗ್ತೀಯಾ ಅಂತಲೂ ಕೇಳಿದೆ. ಕೇಳಲೇಬೇಕಿತ್ತು. "ಅಲ್ಲಿ ದಿನಾ ಚೆನ್ನಾಗಿರೋದೇ ತಿನ್ಬೇಕಲ್ಲ. ಆಮೇಲೆ ನಂಗೆ ಅಮ್ಮಂದು ಮರ್ತೋಗುತ್ತೆ. ನಾನು ಇಲ್ಲೇ ಇರ್ತೀನಿ" ಅಂದಳು. ನಿಮಗೆ ನೋವಾಗಬಹುದು. ಅವಳು ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿ ಹೇಳಿದ್ದಲ್ಲ.

ನಿಮ್ಮ ತಂಗಿ ಯಾಕೆ ಹಾಗೆ ಕೊಯ್ದು ಕೊಯ್ದು ನೋಡುತ್ತಿದ್ದಳು ಅಂತ ಚೂಟಿಗೆ ಗೊತ್ತಿಲ್ಲ. ನನಗೂ ಮಾರ್ಚ್ ಮೂವತ್ತೊಂದರ ನಿಮ್ಮ ಕಾಗದ ಬರುವವರೆಗೆ ಗೊತ್ತಿರಲಿಲ್ಲ. ಅವಳಿಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ.

ಇಂತಿ ನಿಮ್ಮವ


ಏಪ್ರಿಲ್ ೧೩

ತಮ್ಮನಿಗೆ,

ಸಾಹೇಬರೇ ಅಂತ ಬರೆಯಲು ಇವತ್ತು ಕೈ ಬರಲಿಲ್ಲ.

ಚೂಟಿ ನಿಮ್ಮ ಹತ್ತಿರವೇ ಇರಲಿ. ಹೋಗುವ ಎರಡು ಟಿಕೆಟ್ಟಿನಲ್ಲಿ ಒಂದನ್ನು ವಾಪಸು ಮಾಡಿಸಿದೆ. ರಜೆಯಲ್ಲಿ ಅವಳಿಗೆ ಮನಸ್ಸು ಬಂದರೆ ನಾಲ್ಕು ದಿನ ಕಳಿಸಿ, ಬರದಿದ್ದರೆ ಒತ್ತಾಯ ಬೇಡ.

ನಿಮ್ಮ ಕಾಗದ ಬಂದ ದಿನ ನನ್ನ ಕೈಯಲ್ಲಿ ಕೆಲಸ ಸಾಗಲಿಲ್ಲ. ಬೇರೆಯವರಿಗೆ ಒಲೆ ಒಪ್ಪಿಸಿ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಹದಿನಾರು ವರ್ಷ, ಪ್ರತಿ ಭಾನುವಾರ, ನನ್ನ ತಂಗಿ ಚಾಕು ಹಿಡಿದು ಮೂಳೆಯ ಬಣ್ಣ ನೋಡುತ್ತ ನಿಂತಿದ್ದಳು ಅನ್ನುವುದನ್ನು ನಾನು ಹೇಗೆ ಸಹಿಸಿಕೊಳ್ಳಲಿ? ಒಳ್ಳೆಯ ಕೈ ಅವಳದ್ದು. ನನಗಿಂತ ಚೆನ್ನಾಗಿ ಉಪ್ಪು ಹಾಕುತ್ತಿದ್ದಳು. ಅದನ್ನು ಅವಳಿಗೆ ಯಾವತ್ತೂ ಹೇಳಲಿಲ್ಲ.

ಹೋದ ಕಾಗದದಲ್ಲಿ ಇನ್ನೊಂದನ್ನು ಬಿಟ್ಟಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಆ ದಿನ ಅವಳು, "ಅಕ್ಕಾ, ಇನ್ನೂ ಹತ್ತು ನಿಮಿಷ ಬೇಕು" ಅಂದಿದ್ದಳು. ದೊಡ್ಡವರು ಆಗಲೇ ಊಟಕ್ಕೆ ಕೂತಿದ್ದರು. "ಇಳಿಸು, ನಂಗೆ ಹೇಳಿಕೊಡ್ಬೇಡ" ಅಂದವಳು ನಾನು. ಇಳಿಸಿದ್ದು ನನ್ನ ಮಾತಿಗೆ. ಕೆಂಪಗಿದ್ದ ತುಂಡು ನನ್ನದು. ಬೈಸಿಕೊಂಡದ್ದು ಅವಳು. ಅವಳು ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ನಿಮ್ಮ ಹತ್ತಿರವೂ ಹೇಳಿಲ್ಲ ಅಂತ ಈಗ ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮವ್ವ ಸುಮ್ಮನೆ ಹೇಳುತ್ತಿರಲಿಲ್ಲ.

ಚೂಟಿಗೆ ಹೇಳುವುದಿಲ್ಲ ಅಂತ ಬರೆದಿದ್ದೀರಿ. ದೊಡ್ಡ ಮನಸ್ಸು. ಆದರೆ ಅವಳಿಗೆ ಅದು ಗೊತ್ತಾಗಬೇಕು. ಅವಳ ಅಮ್ಮನಿಗೆ ಅಡುಗೆ ಬರುತ್ತಿರಲಿಲ್ಲ ಅಂತ ಆ ಮಗು ಅಂದುಕೊಂಡು ಬೆಳೆಯಬಾರದು. ನಾನೇ ಬಂದು ಹೇಳುತ್ತೇನೆ. ಕೇಳಿದ ಮೇಲೆ ಅವಳು ನನ್ನ ಜತೆ ಮಾತು ಬಿಟ್ಟರೆ ಅದೂ ನ್ಯಾಯವೇ.

ಇಪ್ಪತ್ತೊಂದು ಭಾನುವಾರ. ಬಸ್ಸು ಹನ್ನೆರಡಕ್ಕೆ ಮುಟ್ಟುತ್ತದೆ. ವಾಪಸು ಬಸ್ಸು ಸಂಜೆ ಆರಕ್ಕೆ, ಹೊತ್ತು ಬೇಕಾದಷ್ಟಿದೆ. ನಿಮ್ಮಿಬ್ಬರಿಗೆ ನಿಮ್ಮ ಇಷ್ಟದಂತೆ ಮಾಡಿಕೊಳ್ಳಿ. ನನ್ನ ಪಾಲಿನದನ್ನು ಮಾತ್ರ ಚೂಟಿಯ ಕೈಗೆ ಕೊಡಿ, ಅವಳಮ್ಮ ಮಾಡುತ್ತಿದ್ದ ಹಾಗೆಯೇ ಮಾಡಲಿ. ಎಷ್ಟು ಸಲ ಕೊಯ್ದು ನೋಡಬೇಕೋ ಅಷ್ಟು ಸಲ ನೋಡಲಿ, ಎಷ್ಟು ಹೊತ್ತು ಬೇಯಿಸಬೇಕೋ ಅಷ್ಟು ಹೊತ್ತು ಬೇಯಿಸಲಿ. ನಾನು ಒಂದು ಮಾತೂ ಆಡುವುದಿಲ್ಲ. ನನ್ನ ತಂಗಿ ಎರಡು ಸಲ ಊಟಕ್ಕೆ ಕರೆದಿದ್ದಳು. ನಾನು ಕೂತು ಉಣ್ಣಬೇಕು.

ಅಕ್ಕ